ಎತ್ತರದ ವಿಮಾನ, ಗದ್ದೆಯ ಡ್ರೋನ್: ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಒಂದು ಗಾಳಿ ಲೆಕ್ಕ

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ರಸ್ತೆ ಯಾರ ಟ್ರಾವೆಲ್ ರೀಲ್‌ನಲ್ಲೂ ಬರುವುದಿಲ್ಲ. ಹಂಪಿಗೆ ಬಂದವರು ಆನೆಗೊಂದಿ, ಹೆಚ್ಚೆಂದರೆ ಗಂಗಾವತಿ ನೋಡಿ ವಾಪಸ್ ಹೋಗುತ್ತಾರೆ. ಅಲ್ಲಿಂದ ಒಂದೆರಡು ತಾಸು ಮುಂದೆ ಬಂದರೆ ಬೇರೆಯೇ ನಾಡು. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ, ನಡುವೆ ರಾಯಚೂರು ದೋಆಬ್. ವಿಜಯನಗರದವರೂ ಬಹಮನಿಗಳೂ ಈ ನೆಲಕ್ಕಾಗಿ ತಲೆಮಾರುಗಟ್ಟಲೆ ಬಡಿದಾಡಿದರು. ಈಗ ಇಲ್ಲಿ ಬಡಿದಾಟ ಏನಿದ್ದರೂ ಕಾಲುವೆ ನೀರಿಗೆ.

ಮೂರೂ ಊರುಗಳನ್ನು ಪೋಣಿಸುವುದು ರಾಷ್ಟ್ರೀಯ ಹೆದ್ದಾರಿ 150ಎ. ಈ ತುಂಡು ಸುಮಾರು ಐವತ್ತೈದು ಕಿಲೋಮೀಟರ್. ಸಿಂಧನೂರು ಸಮುದ್ರ ಮಟ್ಟದಿಂದ ಸುಮಾರು 380 ಮೀಟರ್ ಎತ್ತರದಲ್ಲಿದೆ, ಲಿಂಗಸುಗೂರು ಸುಮಾರು 500 ಮೀಟರ್. ಅಂದರೆ ಈ ದಾರಿಯಲ್ಲಿ ನೀವು ಗೊತ್ತೇ ಆಗದಂತೆ ನೂರಿಪ್ಪತ್ತು ಮೀಟರ್ ಮೇಲಕ್ಕೆ ಹತ್ತುತ್ತೀರಿ. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ತಿಳಿಯುವುದಿಲ್ಲ. ಆದರೆ ನಿಮ್ಮ ಕೈಯಲ್ಲಿರುವ ಫೋನಿಗೆ ತಿಳಿಯುತ್ತದೆ. ಈಗಿನ ಹಲವು ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುತ್ತದೆ, ನಾವು ಅದನ್ನು ತೆರೆದು ನೋಡುವುದೇ ಇಲ್ಲ. ಲೆಕ್ಕದ ಪ್ರಕಾರ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವಷ್ಟರಲ್ಲಿ ಅದರ ಅಂಕಿ ಸುಮಾರು 14 ಹೆಕ್ಟೋಪಾಸ್ಕಲ್ ಇಳಿಯಬೇಕು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, 2025ರ ಮಾರ್ಚ್‌ನಲ್ಲಿ ನಾನು ಈ ದಾರಿಯಲ್ಲಿ ಮೂರು ದಿನ ಓಡಾಡಿದ್ದು ಗಾಳಿಯ ಲೆಕ್ಕ ಹಾಕಿಕೊಂಡೇ.

ಕಾಕಾನ ಪ್ರಶ್ನೆ

ಸಿಂಧನೂರಿಗೆ ನೀವು ಯಾವ ಕಡೆಯಿಂದ ಬಂದರೂ ಮೊದಲು ಕಾಣುವುದು ಭತ್ತ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ಎರೆ ಹೊಲಗಳು ಗದ್ದೆಗಳಾದವು. ರಸ್ತೆಯ ಎರಡೂ ಬದಿಗೆ ರೈಸ್ ಮಿಲ್‌ಗಳು, ಅವುಗಳ ಚಿಮಣಿಗಳು. ಊರ ಸುತ್ತ ‘ಕ್ಯಾಂಪ್’ ಎಂದು ಕೊನೆಗೊಳ್ಳುವ ಹೆಸರಿನ ಊರುಗಳು. ಕೆಲವು ಆಂಧ್ರದಿಂದ ಬಂದು ಗದ್ದೆ ಮಾಡಿದವರದು. ಆರ್.ಎಚ್. ಕ್ಯಾಂಪ್‌ಗಳು ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳದು. ಅಲ್ಲಿನ ಅಂಗಡಿಯಲ್ಲಿ ನಿಂತರೆ ಬಂಗಾಳಿ, ಕನ್ನಡ, ತೆಲುಗು ಮೂರೂ ಒಂದೇ ವಾಕ್ಯದಲ್ಲಿ ಕೇಳಬಹುದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಈ ಊರುಗಳಲ್ಲಿ ಯಾರೂ ನಿದ್ದೆ ಮಾಡಲಿಲ್ಲ ಅಂತ ಕಾಕಾ ಹೇಳುತ್ತಾರೆ. ಕೆಲವೇ ದಿನಗಳಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು, ಮತ್ತೆ ಮಳೆ ಬಂತು, ಜಲಾಶಯ ತುಂಬಿತು, ಎರಡನೇ ಬೆಳೆಗೂ ನೀರು ಸಿಕ್ಕಿತು. ನಾನು ಹೋದಾಗ ಆ ಎರಡನೇ ಬೆಳೆ ಮೊಣಕಾಲುದ್ದ ನಿಂತಿತ್ತು.

ಅದೇ ಬೆಳೆಯನ್ನು ನಂಬಿ ಕಾಕಾನ ಮಗ, ಅಂದರೆ ನನ್ನ ತಮ್ಮ, ಸಾಲ ಮಾಡಿ ಔಷಧಿ ಸಿಂಪಡಿಸುವ ಡ್ರೋನ್ ಕೊಂಡಿದ್ದ. ಹತ್ತು ಲೀಟರ್ ಟ್ಯಾಂಕ್, ತುಂಬಿದಾಗ ಒಟ್ಟು ತೂಕ ಇಪ್ಪತ್ತೈದು ಕಿಲೋ ಹತ್ತಿರ. ತರಬೇತಿ ಮುಗಿಸಿ ಸರ್ಟಿಫಿಕೇಟ್ ತಗೊಂಡಿದ್ದಾನೆ. ಎಕರೆಗೆ ನಾನೂರರ ಆಸುಪಾಸು ಸಿಗುತ್ತದೆ. ಸೀಸನ್ ಚೆನ್ನಾಗಿ ನಡೆದರೆ ಕಂತು ಕಟ್ಟಿ ಸ್ವಲ್ಪ ಉಳಿಯುತ್ತದೆ. ಆದರೆ ಒಂದು ತೊಡಕು. ಬೆಳಿಗ್ಗೆ ಚೆನ್ನಾಗಿ ಹಾರುವ ಡ್ರೋನ್, ಮಧ್ಯಾಹ್ನ ತುಂಬಿದ ಟ್ಯಾಂಕ್ ಎತ್ತಿಕೊಂಡು ಏಳುವಾಗ ತಿಣುಕುತ್ತಿತ್ತು. ಬ್ಯಾಟರಿ ಬೇಗ ಇಳಿಯುತ್ತಿತ್ತು. ಹಿಂದಿನ ವಾರವಷ್ಟೇ ಪಕ್ಕದ ಊರಲ್ಲಿ ಬೇರೆ ಯಾರದೋ ಡ್ರೋನ್ ಮಟಮಟ ಮಧ್ಯಾಹ್ನ ಮೇಲೆದ್ದು, ಕುಸಿದು, ಬದುವಿಗೆ ಬಡಿದು ರೆಕ್ಕೆ ಮುರಿದುಕೊಂಡಿತ್ತು.

ಅದೇ ಹೊತ್ತಿಗೆ ತುರ್ವಿಹಾಳ ಕಡೆಯ ಒಬ್ಬ ದೊಡ್ಡ ರೈತರು ನಲವತ್ತು ಎಕರೆಯ ಕೆಲಸ ಕೊಡಲು ತಯಾರಿದ್ದರು. ಷರತ್ತು ಒಂದೇ: ಎರಡು ದಿನದಲ್ಲಿ ಮುಗಿಯಬೇಕು, ಮಧ್ಯಾಹ್ನವೂ ಹೊಡೆಯಬೇಕು. ಆಗಲ್ಲ ಅಂದರೆ ಕಾರಟಗಿಯಿಂದ ಬೇರೆಯವರು ಬರುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ಕಾಕಾ ಕೇಳಿದ್ದು ಇಷ್ಟು: “ನೀ ಇಂಜಿನಿಯರ್ ಅದಿಯಲ್ಲ, ಹೇಳು ನೋಡೋಣು. ಮ್ಯಾಲ ಹೋದಂಗ ಗಾಳಿ ತೆಳ್ಳಗ ಆಕ್ಕೈತಿ ಅಂತೀರಿ. ಅಷ್ಟು ಮ್ಯಾಲ ಇಮಾನ ಆರಾಮ ಹೊಕ್ಕೈತಿ. ನಮ್ಮ ಡ್ರೋನ್ ಹತ್ತಡಿ ಮ್ಯಾಲ ಹಾರಾಕ ಯಾಕ ಒದ್ದಾಡ್ತೈತಿ?”

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಪ್ರಶ್ನೆ ಸರಿಯಾಗಿಯೇ ಇದೆ. ತೆಳು ಗಾಳಿ ಡ್ರೋನ್‌ಗೆ ಶತ್ರು ಆದರೆ ವಿಮಾನಕ್ಕೆ ಮಿತ್ರ ಹೇಗೆ ಆಯಿತು?

ಬಸ್ಸಿನ ಕಿಟಕಿಯಿಂದ ಲಿಫ್ಟ್

ಚಿಕ್ಕವರಿದ್ದಾಗ ಬಸ್ಸಿನ ಕಿಟಕಿಯಿಂದ ಅಂಗೈ ಹೊರಗೆ ಚಾಚಿ ಬೈಸಿಕೊಂಡಿದ್ದು ನೆನಪಿದೆಯಲ್ಲ? (ಈಗ ಮಾಡಬೇಡಿ.) ಅಂಗೈಯನ್ನು ಸ್ವಲ್ಪ ಮೇಲಕ್ಕೆ ವಾಲಿಸಿದರೆ ಕೈ ತಾನಾಗಿ ಮೇಲೆ ಏಳುತ್ತದೆ, ಜೊತೆಗೆ ಹಿಂದಕ್ಕೂ ಎಳೆಯುತ್ತದೆ. ಮೇಲೆ ಎತ್ತಿದ್ದು ಲಿಫ್ಟ್, ಹಿಂದಕ್ಕೆ ಎಳೆದದ್ದು ಡ್ರ್ಯಾಗ್. ರೆಕ್ಕೆ ಮಾಡುವುದೂ ಇದನ್ನೇ. ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ.

ಲಿಫ್ಟ್ ಎಷ್ಟು ಸಿಗುತ್ತದೆ ಅನ್ನುವುದಕ್ಕೆ ನಾಲ್ಕು ವಿಷಯ ಸಾಕು. ಗಾಳಿ ಎಷ್ಟು ದಟ್ಟವಾಗಿದೆ, ರೆಕ್ಕೆ ಎಷ್ಟು ದೊಡ್ಡದು, ಅದನ್ನು ಎಷ್ಟು ವಾಲಿಸಿದ್ದೀರಿ, ಎಷ್ಟು ವೇಗದಲ್ಲಿ ಹೋಗುತ್ತಿದ್ದೀರಿ. ಮೊದಲ ಮೂರು ನೇರ ಲೆಕ್ಕ. ವೇಗ ಮಾತ್ರ ವರ್ಗದ ಲೆಕ್ಕ: ವೇಗ ಎರಡು ಪಟ್ಟಾದರೆ ಲಿಫ್ಟ್ ನಾಲ್ಕು ಪಟ್ಟು.

ಈಗ ಮೇಲೆ ಹೋಗೋಣ. ಸಮುದ್ರ ಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.225 ಕಿಲೋ ತೂಗುತ್ತದೆ. 35,000 ಅಡಿಯಲ್ಲಿ ಅದು 0.38 ಕಿಲೋ, ಅಂದರೆ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ವಿಮಾನದ ತೂಕ ಮೇಲೆ ಹೋದರೂ ಹೆಚ್ಚುಕಮ್ಮಿ ಅಷ್ಟೇ. ಗಾಳಿ ಮೂರನೇ ಒಂದಾದರೆ ವೇಗದ ವರ್ಗ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗಬೇಕು. ಅಂದರೆ ವೇಗ ಸುಮಾರು 1.8 ಪಟ್ಟು. ಕೆಳಗೆ ಗಂಟೆಗೆ 460 ಕಿಲೋಮೀಟರ್ ವೇಗದಲ್ಲಿ ಸಿಗುವ ಲಿಫ್ಟ್, ಅಲ್ಲಿ ಸುಮಾರು 830 ಕಿಲೋಮೀಟರ್ ವೇಗದಲ್ಲಿ ಸಿಗುತ್ತದೆ.

ಡ್ರ್ಯಾಗ್ ಕತೆ ಇನ್ನೂ ಚೆಂದ. ಡ್ರ್ಯಾಗ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಮೈಗೆ ಗಾಳಿ ತಗುಲಿ ಆಗುವುದು. ಇದು ವೇಗ ಹೆಚ್ಚಿದಂತೆ ಏರುತ್ತದೆ. ಇನ್ನೊಂದು, ಲಿಫ್ಟ್ ಪಡೆಯಲು ಕೊಡುವ ಬೆಲೆ. ನಿಧಾನಕ್ಕೆ ಹೋಗುವಾಗ ರೆಕ್ಕೆಯನ್ನು ಹೆಚ್ಚು ವಾಲಿಸಬೇಕು, ಗಾಳಿಯನ್ನು ಜೋರಾಗಿ ಕೆಳಕ್ಕೆ ಒತ್ತಬೇಕು, ಹಾಗಾಗಿ ಇದು ವೇಗ ಕಡಿಮೆಯಾದಾಗ ಏರುತ್ತದೆ. ಎರಡನ್ನೂ ಕೂಡಿಸಿದರೆ ನಡುವೆ ಎಲ್ಲೋ ಒಂದು ವೇಗದಲ್ಲಿ ಒಟ್ಟು ಡ್ರ್ಯಾಗ್ ಅತಿ ಕಡಿಮೆ. ಗಾಳಿ ತೆಳ್ಳಗಾದಾಗ ಆ ಕಡಿಮೆ ಡ್ರ್ಯಾಗ್ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ, ಅದು ಸಿಗುವ ವೇಗ ಮಾತ್ರ ಮುಂದಕ್ಕೆ ಜರುಗುತ್ತದೆ.

ಅಂದರೆ ಹಿಂದಕ್ಕೆ ಎಳೆಯುವ ಬಲ ಅದೇ, ಓಟ ಮಾತ್ರ 1.8 ಪಟ್ಟು! ಜೆಟ್ ಎಂಜಿನ್ ಎಷ್ಟು ಇಂಧನ ಕುಡಿಯುತ್ತದೆ ಅನ್ನುವುದು ಅದು ಎಷ್ಟು ಬಲದಿಂದ ತಳ್ಳುತ್ತದೆ ಅನ್ನುವುದರ ಮೇಲೆ ನಿಂತಿದೆ. ಬಲ ಅಷ್ಟೇ ಇದ್ದು ದೂರ ಹೆಚ್ಚಾದರೆ ಲೀಟರ್‌ಗೆ ಸಿಗುವ ಕಿಲೋಮೀಟರ್ ಹೆಚ್ಚು. ನಿಮ್ಮ ಟಿಕೆಟ್ ಬೆಲೆ ಇನ್ನೂ ಕೈಗೆಟಕುವಂತೆ ಇರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಇನ್ನೂ ಮೇಲೆ ಯಾಕೆ ಹೋಗುವುದಿಲ್ಲ? ಎರಡು ಗೋಡೆಗಳಿವೆ. ಒಂದು, ಗಾಳಿ ತೆಳ್ಳಗಾದಂತೆ ಎಂಜಿನ್ನಿನ ಬಲವೂ ಇಳಿಯುತ್ತದೆ. ಎರಡನೆಯದು ಶಬ್ದದ ವೇಗ. ಮಾರ್ಚ್ ಮಧ್ಯಾಹ್ನ 39 ಡಿಗ್ರಿಯ ಸಿಂಧನೂರಿನ ಗದ್ದೆಯಲ್ಲಿ ಶಬ್ದ ಗಂಟೆಗೆ ಸುಮಾರು 1,275 ಕಿಲೋಮೀಟರ್ ಓಡುತ್ತದೆ. ಅದೇ ಗದ್ದೆಯ ನೆತ್ತಿಯ ಮೇಲೆ 35,000 ಅಡಿಯಲ್ಲಿ ಉಷ್ಣಾಂಶ ಮೈನಸ್ 40ರ ಆಸುಪಾಸು, ಅಲ್ಲಿ ಶಬ್ದದ ವೇಗ 1,100ಕ್ಕೆ ಇಳಿದಿರುತ್ತದೆ. ವಿಮಾನ ಆ ವೇಗಕ್ಕೆ ಹತ್ತಿರವಾದಂತೆ ರೆಕ್ಕೆಯ ಮೇಲೆ ಆಘಾತ ಅಲೆಗಳು ಹುಟ್ಟಿ ಡ್ರ್ಯಾಗ್ ಒಮ್ಮೆಲೇ ಜಿಗಿಯುತ್ತದೆ. ಹಾಗಾಗಿ ಪ್ರಯಾಣಿಕ ವಿಮಾನಗಳು ಶಬ್ದದ ವೇಗದ ಶೇ 80ರ ಹತ್ತಿರ ನಿಲ್ಲುತ್ತವೆ. ಮೇಲೆ ಹೋದಷ್ಟೂ ಕನಿಷ್ಠ ವೇಗ ಏರುತ್ತದೆ, ಗರಿಷ್ಠ ವೇಗ ಇಳಿಯುತ್ತದೆ. ನಡುವಿನ ಜಾಗ ಕಿರಿದಾಗುತ್ತಾ ಹೋಗುತ್ತದೆ. ದೂರದ ವಿಮಾನಗಳು ಮೊದಲು ಸ್ವಲ್ಪ ಕೆಳಗೆ ಹಾರಿ, ಇಂಧನ ಖರ್ಚಾಗಿ ಹಗುರಾದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವುದು ಇದಕ್ಕೇ.

ಇಷ್ಟೆಲ್ಲ ವಿಮಾನದ ಕತೆ. ಡ್ರೋನ್ ಕತೆ ಮರುದಿನಕ್ಕೆ ಉಳಿಯಿತು.

ಮಸ್ಕಿಯ ಬಂಡೆ

ಮರುದಿನ ತಮ್ಮನ ಬೈಕ್ ತಗೊಂಡು ಮಸ್ಕಿಗೆ ಹೋದೆ. ಸಿಂಧನೂರಿನ ಹಸಿರು ಹಿಂದೆ ಬಿದ್ದಂತೆ ನೆಲ ಒಣಗುತ್ತದೆ, ಬಂಡೆಗಳು ಶುರುವಾಗುತ್ತವೆ. ಮಸ್ಕಿ ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು ಕೇಂದ್ರ. ಬಸ್ ಸ್ಟ್ಯಾಂಡ್ ಹತ್ತಿರ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಹೊರಟರೆ ಊರ ಅಂಚಿನಲ್ಲೇ ಅಶೋಕನ ಶಾಸನ.

ಶಾಲೆಯಲ್ಲಿ ಓದಿದ್ದು ನೆನಪಿರಬಹುದು. ದೇಶದ ಎಷ್ಟೋ ಕಡೆ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಎಂಬ ರಾಜನ ಮಾತುಗಳಿದ್ದವು. ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬ್ರಾಹ್ಮಿ ಲಿಪಿಯನ್ನು ಓದಿದ್ದರು. ಆದರೆ ಆ ದೇವಾನಾಂಪ್ರಿಯ ಅಶೋಕನೇ ಎಂದು ಬಂಡೆಯೇ ಹೇಳಿದ ಪುರಾವೆ ಸಿಕ್ಕಿದ್ದು 1915ರಲ್ಲಿ, ಮಸ್ಕಿಯಲ್ಲಿ. ಕಂಡುಹಿಡಿದವರು ಸಿ. ಬೀಡನ್ ಎಂಬ ಗಣಿ ಇಂಜಿನಿಯರ್. ಅವರು ಈ ಸೀಮೆಗೆ ಬಂದಿದ್ದು ಚಿನ್ನದ ಕೆಲಸಕ್ಕೆ, ಸಿಕ್ಕಿದ್ದು ಅಶೋಕನ ಹೆಸರು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ನಮ್ಮದೇ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೋಳಂಗಳಲ್ಲೂ ಆ ಹೆಸರಿನ ಶಾಸನಗಳು ಸಿಕ್ಕವು. ಆದರೂ ಮೊದಲು ಹೆಸರು ಹೇಳಿದ್ದು ಈ ಬಂಡೆ.

ಶಾಸನ ನೋಡಿ ಪಕ್ಕದ ಬೆಟ್ಟ ಹತ್ತಿದೆ. ಕೆಳಗೆ ನಿಂತಾಗ ಫೋನಿನ ಬ್ಯಾರೋಮೀಟರ್ ತೆರೆದಿಟ್ಟಿದ್ದೆ. ಅರ್ಧ ದಾರಿಗೆ ಅಂಕಿ ಐದು ಹೆಕ್ಟೋಪಾಸ್ಕಲ್ ಇಳಿದಿತ್ತು. ನಮ್ಮ ಎತ್ತರದಲ್ಲಿ ಒಂದು ಅಂಕಿಗೆ ಸುಮಾರು ಒಂಬತ್ತು ಮೀಟರ್, ಹಾಗಾದರೆ ನಲವತ್ತೈದು ಮೀಟರ್ ಹತ್ತಿದ್ದೆ. ಮೇಲೆ ಕೂತು ನೀರು ಕುಡಿಯುವಾಗ ತಲೆಯ ಮೇಲೆ ಒಂದು ವಿಮಾನ ಹೋಯಿತು. ಸಣ್ಣ ಬೆಳ್ಳಿ ಚುಕ್ಕಿ, ಹಿಂದೆ ಚಿಕ್ಕದೊಂದು ಬಿಳಿ ಬಾಲ. ಸದ್ದು ಕೇಳಿದ್ದು ತುಂಬಾ ಹೊತ್ತಿನ ಮೇಲೆ.

ಅಲ್ಲಿ ಕೂತೇ ಡ್ರೋನ್ ಲೆಕ್ಕ ಹಾಕಿದೆ.

ಗಾಳಿ ತೆಳ್ಳಗಾಗಲು ಎತ್ತರವೇ ಬೇಕಿಲ್ಲ, ಬಿಸಿಲು ಸಾಕು. ಬಿಸಿಯಾದ ಗಾಳಿ ಹಿಗ್ಗುತ್ತದೆ, ಹಗುರಾಗುತ್ತದೆ. ಸಿಂಧನೂರಿನಲ್ಲಿ ಮಾರ್ಚ್ ಬೆಳಿಗ್ಗೆ 22 ಡಿಗ್ರಿ ಇದ್ದಾಗ ಘನ ಮೀಟರ್‌ಗೆ 1.14 ಕಿಲೋ ಇರುವ ಗಾಳಿ, ಮಧ್ಯಾಹ್ನ 39 ಡಿಗ್ರಿಯಲ್ಲಿ 1.08 ಆಗುತ್ತದೆ. ಶೇ 5ಕ್ಕಿಂತ ಸ್ವಲ್ಪ ಹೆಚ್ಚು ಇಳಿತ. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟಿದಾಗ ಇಲ್ಲಿನ ಗಾಳಿ, ವಿಮಾನಯಾನದ ಪ್ರಮಾಣಿತ ಪಟ್ಟಿಯಲ್ಲಿ ಸುಮಾರು 1,400 ಮೀಟರ್ ಎತ್ತರದಲ್ಲಿ ಸಿಗುವ ಗಾಳಿಯಷ್ಟೇ ತೆಳ್ಳಗಿರುತ್ತದೆ. ಹೆಚ್ಚುಕಮ್ಮಿ ನಂದಿ ಬೆಟ್ಟದ ಎತ್ತರ! ಪೈಲಟ್‌ಗಳು ಇದನ್ನು ‘ಡೆನ್ಸಿಟಿ ಆಲ್ಟಿಟ್ಯೂಡ್’ ಅನ್ನುತ್ತಾರೆ. ನೀರು ನಿಂತ ಗದ್ದೆಯ ಮೇಲಿನ ತೇವದ ಗಾಳಿ ಭಾರ ಅಂತ ನಮಗೆ ಅನ್ನಿಸುತ್ತದೆ, ನಿಜಕ್ಕೂ ನೀರಿನ ಆವಿ ಒಣ ಗಾಳಿಗಿಂತ ಹಗುರ. ಅದೂ ಒಂದು ಶೇಕಡಾದಷ್ಟು ಕಳೆಯುತ್ತದೆ.

ಇಲ್ಲಿಯವರೆಗೆ ವಿಮಾನಕ್ಕೂ ಡ್ರೋನ್‌ಗೂ ಒಂದೇ ಕತೆ. ಬೇರೆಯಾಗುವುದು ಮುಂದೆ. ವಿಮಾನ ಮುಂದಕ್ಕೆ ಓಡುತ್ತದೆ. ತೆಳು ಗಾಳಿಯಲ್ಲಿ ಜೋರಾಗಿ ಓಡಬೇಕಾಗುತ್ತದೆ ನಿಜ, ಆದರೆ ಆ ಓಟವೆಲ್ಲ ದೂರವಾಗಿ ವಾಪಸ್ ಸಿಗುತ್ತದೆ. ಡ್ರೋನ್ ಹಾಗಲ್ಲ. ಅದು ಹೆಚ್ಚುಕಮ್ಮಿ ನಿಂತಲ್ಲೇ ನಿಂತು, ರೆಕ್ಕೆಗಳನ್ನು ತಿರುಗಿಸಿ ತನ್ನ ತೂಕ ಹೊರುತ್ತದೆ. ಗಾಳಿ ತೆಳ್ಳಗಾದರೆ ಫ್ಯಾನು ಜೋರಾಗಿ ತಿರುಗಬೇಕು, ಹೆಚ್ಚು ಪವರ್ ಬೇಕು, ಅದಕ್ಕೆ ಬದಲಾಗಿ ಒಂದು ಅಡಿ ದೂರವೂ ಸಿಗುವುದಿಲ್ಲ. ಬ್ಯಾಟರಿ ಸುಮ್ಮನೆ ಕರಗುತ್ತದೆ. ಕಾಕಾನ ಪ್ರಶ್ನೆಗೆ ಉತ್ತರ ಇದೇ.

ಆದರೆ ಸಂಖ್ಯೆ ನೋಡಿದರೆ ಬೇರೊಂದು ವಿಷಯ ಕಂಡಿತು. ಶೇ 5ರಷ್ಟು ತೆಳ್ಳಗಾದರೆ ನಿಂತು ಹಾರಲು ಬೇಕಾದ ಪವರ್ ಏರುವುದು ಸುಮಾರು ಶೇ 3 ಮಾತ್ರ. ಇಷ್ಟಕ್ಕೇ ಡ್ರೋನ್ ಕುಸಿಯಲಾರದು. ಹಾಗಾದರೆ ಯಾಕೆ? ಸಂಜೆ ತಮ್ಮನ ಕೈಪಿಡಿ ತೆರೆದು ನೋಡಿದಾಗ ಅರ್ಧ ಗೊತ್ತಾಯಿತು. ಹಾರಾಟದ ಸಮಯ, ಹೊರುವ ತೂಕ ಎಲ್ಲ ಸಮುದ್ರ ಮಟ್ಟದಲ್ಲಿ ಅಳೆದದ್ದು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಸಮುದ್ರ ಮಟ್ಟದ ಪ್ರಮಾಣಿತ ಗಾಳಿಗೆ ಹೋಲಿಸಿದರೆ ಮಾರ್ಚ್ ಮಧ್ಯಾಹ್ನದ ಸಿಂಧನೂರು ಗಾಳಿ ಶೇ 12ರಷ್ಟು ತೆಳ್ಳಗೆ. ಫ್ಯಾನು ಪೂರ್ತಿ ವೇಗದಲ್ಲಿ ತಿರುಗಿದರೂ ಎತ್ತುವ ಬಲ ಅಷ್ಟೇ ಪಾಲು ಕಡಿಮೆ. ಅದರ ಮೇಲೆ ಎರಡು ಸೀಸನ್ ಕಂಡ ಬ್ಯಾಟರಿ, ಬಿಸಿಲಿಗೆ ಕಾದ ಮೋಟಾರು, ತುಂಬಿದ ಟ್ಯಾಂಕು. ಒಂದೊಂದೇ ಆದರೆ ತಡೆದುಕೊಳ್ಳುತ್ತದೆ. ನಾಲ್ಕೂ ಒಂದೇ ಹೊತ್ತಿಗೆ ಸೇರಿದರೆ ಮೀಸಲು ಬಲ ಮುಗಿದು ಹೋಗುತ್ತದೆ.

ಪರಿಹಾರವೂ ಅದೇ ಲೆಕ್ಕದಲ್ಲಿತ್ತು. ನಿಂತು ಹಾರಲು ಬೇಕಾದ ಪವರ್ ಮೇಲೆ ಗಾಳಿಗಿಂತ ತೂಕದ ಹಿಡಿತ ಹೆಚ್ಚು. ಇಪ್ಪತ್ತೈದು ಕಿಲೋದಲ್ಲಿ ಎರಡು ಲೀಟರ್ ಔಷಧಿ ಕಡಿಮೆ ಮಾಡಿದರೆ ಪವರ್ ಸುಮಾರು ಶೇ 12 ಇಳಿಯುತ್ತದೆ. ಬಿಸಿಲು ಕಸಿದುಕೊಂಡದ್ದಕ್ಕಿಂತ ಇದು ಹೆಚ್ಚು.

ಹಕ್ಕಿಗೂ ಲೇಹ್‌ಗೂ ಇದೇ ನಿಯಮ

ಈ ಬೆಳಗಿನ ಗುಟ್ಟನ್ನು ನಮಗಿಂತ ಮೊದಲು ತಿಳಿದವರಿದ್ದಾರೆ. ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಕೆರೆ ಅದು. ಈ ಹಕ್ಕಿಗಳು ಎವರೆಸ್ಟ್ ಮೇಲೆ ಹಾರುತ್ತವೆ ಅಂತ ಕತೆಗಳಿವೆ. ವಿಜ್ಞಾನಿಗಳು ಹಕ್ಕಿಗಳಿಗೆ ಉಪಗ್ರಹ ಟ್ರ್ಯಾಕರ್ ಕಟ್ಟಿ ನೋಡಿದಾಗ ದಾಖಲಾದ ಅತಿ ಎತ್ತರ 7,290 ಮೀಟರ್. ಅದಕ್ಕಿಂತ ಕುತೂಹಲದ ವಿಷಯ, ಅವು ಒಮ್ಮೆ ಮೇಲೇರಿ ಅಲ್ಲೇ ಇರುವುದಿಲ್ಲ. ಬೆಟ್ಟ ಏರಿದಂತೆ ಏರಿ, ಕಣಿವೆ ಬಂದಾಗ ಇಳಿದು, ಮತ್ತೆ ಏರುತ್ತವೆ. ಇಳಿದು ಹತ್ತುವುದೇ ಲಾಭ, ಯಾಕೆಂದರೆ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ಅಷ್ಟು ದುಬಾರಿ. ಹಿಮಾಲಯ ದಾಟುವುದು ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ, ಗಾಳಿ ತಣ್ಣಗೆ ದಟ್ಟವಾಗಿರುವಾಗ.

ಲೇಹ್‌ಗೆ ಹೋದವರು ಗಮನಿಸಿರಬಹುದು, ಪ್ರಯಾಣಿಕ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ. ಆ ನಿಲ್ದಾಣ ಇರುವುದು 10,682 ಅಡಿ ಎತ್ತರದಲ್ಲಿ. ಮಧ್ಯಾಹ್ನ ಬಿಸಿಲೇರಿದರೆ ಗಾಳಿ ಇನ್ನೂ ತೆಳ್ಳಗಾಗುತ್ತದೆ, ಕಣಿವೆಯ ಗಾಳಿಯೂ ಜೋರಾಗುತ್ತದೆ. ನಮ್ಮ ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೇ ಸುಮಾರು 3,000 ಅಡಿಯಲ್ಲಿದೆ, ಅಲ್ಲಿ ವಿಮಾನ ಮೇಲೇಳಲು ಚೆನ್ನೈಗಿಂತ ಹೆಚ್ಚು ರನ್‌ವೇ ಬಳಸಬೇಕು.

ನಿಂತು ಹಾರುವ ಹೆಲಿಕಾಪ್ಟರ್‌ಗಂತೂ ಇದು ಜೀವನ್ಮರಣದ ಪ್ರಶ್ನೆ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಲಘು ಯುದ್ಧ ಹೆಲಿಕಾಪ್ಟರ್ ‘ಪ್ರಚಂಡ್’ 2022ರ ಅಕ್ಟೋಬರ್‌ನಲ್ಲಿ ವಾಯುಪಡೆ ಸೇರಿತು. ಸಿಯಾಚಿನ್‌ನಂಥ ಎತ್ತರದಲ್ಲಿ ಇಳಿದು ಏಳಬೇಕು ಅನ್ನುವುದನ್ನು ಮೊದಲಿನಿಂದಲೇ ಮನಸ್ಸಿನಲ್ಲಿಟ್ಟು ಮಾಡಿದ ಯಂತ್ರ ಅದು.

ಇನ್ನೊಂದು ತುದಿಯಲ್ಲಿ ಬೆಂಗಳೂರಿನ ಎನ್‌ಎಎಲ್. ಸೌರಶಕ್ತಿಯಿಂದ ತಿಂಗಳುಗಟ್ಟಲೆ 20 ಕಿಲೋಮೀಟರ್ ಎತ್ತರದಲ್ಲಿ ಹಾರುವ ಚಾಲಕರಹಿತ ವಿಮಾನ ಮಾಡುವುದು ಅವರ ಗುರಿ. ಅದರ ಚಿಕ್ಕ ಮಾದರಿಯನ್ನು 2024ರ ಆರಂಭದಲ್ಲಿ ಚಳ್ಳಕೆರೆಯಲ್ಲಿ ಗಂಟೆಗಟ್ಟಲೆ ಹಾರಿಸಿ ನೋಡಿದರು. ಹತ್ತು ಮೀಟರ್ ಮೀರಿದ ಉದ್ದದ ರೆಕ್ಕೆ, ತೂಕ ಮಾತ್ರ ತಮ್ಮನ ಡ್ರೋನಿಗಿಂತ ಕಡಿಮೆ. 20 ಕಿಲೋಮೀಟರ್ ಎತ್ತರದಲ್ಲಿ ಗಾಳಿ ಸಮುದ್ರ ಮಟ್ಟದ ಶೇ 7ರಷ್ಟು ಮಾತ್ರ. ಸೌರಶಕ್ತಿಯಲ್ಲಿ ಜೆಟ್‌ನಷ್ಟು ವೇಗ ಆಗದು. ಹಾಗಾಗಿ ಉಳಿದ ದಾರಿ ಒಂದೇ: ರೆಕ್ಕೆ ಉದ್ದ, ಮೈ ಹಗುರ.

ಲಿಂಗಸುಗೂರು, ಹಟ್ಟಿ, ಮತ್ತು ಕೆಳಗಿನ ಗಾಳಿ

ಮೂರನೇ ದಿನ ಲಿಂಗಸುಗೂರು. ಒಂದು ಕಾಲದ ದಂಡಿನ ಊರು, ಛಾವಣಿ ಅನ್ನುವ ಹೆಸರು ಇನ್ನೂ ಉಳಿದಿದೆ. ಇಲ್ಲಿಂದ ಒಂದು ಕಡೆ ಮುದಗಲ್ ಕೋಟೆ, ಇನ್ನೊಂದು ಕಡೆ ಕೃಷ್ಣೆಯ ನಡುವೆ ಜಲದುರ್ಗ, ಮತ್ತೊಂದು ಕಡೆ ಹಟ್ಟಿ ಚಿನ್ನದ ಗಣಿ. ನಾನು ಹಟ್ಟಿಗೆ ಹೋದೆ. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ನೋಡಬೇಕು. ಪಾಳಿ ಮುಗಿಸಿ ಬಂದವರು ಚಹಾದಂಗಡಿಯಲ್ಲಿ ಕೂತಿದ್ದರು.

ಮೇಲೆ ಹೋದರೆ ಗಾಳಿ ತೆಳ್ಳಗಾಗುತ್ತದೆ ಅಂದರೆ ಕೆಳಗೆ ಹೋದರೆ? ಒತ್ತಡ ಏರುತ್ತದೆ. ಲಿಂಗಸುಗೂರಿನ ಸೀಮೆ ಸುಮಾರು 500 ಮೀಟರ್ ಎತ್ತರದಲ್ಲಿದೆ. ಗಣಿಯಲ್ಲಿ ಅಷ್ಟು ಆಳ ಇಳಿದರೆ ಸಮುದ್ರ ದಂಡೆಯ ಒತ್ತಡ. ಹಟ್ಟಿಯ ಗಣಿ ಅದಕ್ಕಿಂತ ಆಳ. ಕಾರವಾರಕ್ಕಿಂತ ಹೆಚ್ಚಿನ ಗಾಳಿಯೊತ್ತಡದಲ್ಲಿ, ಸಮುದ್ರವನ್ನೇ ಕಾಣದ ರಾಯಚೂರು ಜಿಲ್ಲೆಯ ಜನ ದಿನಾ ದುಡಿಯುತ್ತಾರೆ. ಇದನ್ನು ಚಹಾದಂಗಡಿಯಲ್ಲಿ ಪಕ್ಕ ಕೂತಿದ್ದ ಹಿರಿಯರಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟು, “ಒತ್ತಡ ಗೊತ್ತಾಗಂಗಿಲ್ರಿ, ಕಾವು ಗೊತ್ತಾಕ್ಕೈತಿ” ಅಂದರು. ಆಳಕ್ಕೆ ಹೋದಂತೆ ಬಂಡೆಯೇ ಬಿಸಿ.

ಅಲ್ಲಿರುವಾಗಲೇ ತಮ್ಮನ ಫೋನ್ ಬಂತು. “ಅಣ್ಣ, ಅವ್ರಿಗೆ ಹೇಳೀನಿ. ನಸುಕಿಗೆ ಐದೂವರಿಗೆ ಶುರು, ಹತ್ತಕ್ಕ ಬಂದ್. ಸಂಜಿ ನಾಕೂವರಿ ಮ್ಯಾಲ ಮತ್ತ. ಎರಡು ದಿನದಾಗ ಆಗಂಗಿಲ್ಲ, ಮೂರು ದಿನ ಬೇಕು ಅಂದೆ.” ಬಿಸಿಲೇರಿದ ಮೇಲೆ ಹಾರಿಸಲೇಬೇಕಾದರೆ ಎಂಟೇ ಲೀಟರ್ ಅಂತಲೂ ಹೇಳಿದ್ದಾನೆ. ಮಧ್ಯಾಹ್ನ ಬಿಸಿಗಾಳಿಗೆ ಔಷಧಿ ಹನಿಗಳು ಎಲೆಗೆ ಬೀಳುವ ಮೊದಲೇ ಆರುತ್ತವೆ, ಪಕ್ಕದ ಹೊಲಕ್ಕೆ ತೂರಿ ಹೋಗುತ್ತವೆ, ನಿಮ್ಮ ದುಡ್ಡೇ ಹಾಳು ಅಂತ ಅವರಿಗೆ ವಿವರಿಸಿದ್ದಾನೆ. ಇದು ನಾನು ಹೇಳಿಕೊಟ್ಟದ್ದಲ್ಲ, ತರಬೇತಿಯಲ್ಲಿ ಅವನೇ ಕಲಿತದ್ದು.

ರೈತರು ಏನಂದರು? ಇಪ್ಪತ್ತು ಎಕರೆ ಇವನಿಗೆ, ಇಪ್ಪತ್ತು ಎಕರೆ ಕಾರಟಗಿಯವರಿಗೆ. ಅರ್ಧ ಕೆಲಸ ಹೋಯಿತು. ಆ ತಿಂಗಳ ಕಂತಿಗೆ ಕಾಕಾ ತಮ್ಮ ಕೈಯಿಂದ ಸ್ವಲ್ಪ ಸೇರಿಸಿದರು. ಆ ಸೀಸನ್ ಮುಗಿಯುವವರೆಗೂ ತಮ್ಮನ ಡ್ರೋನ್ ಒಮ್ಮೆಯೂ ಬೀಳಲಿಲ್ಲ. ಬ್ಯಾಟರಿ ಮಾತ್ರ ಒಂದು ಬದಲಿಸಬೇಕಾಯಿತು. ಲಾಭವೋ ನಷ್ಟವೋ ಅಂತ ಕೇಳಿದರೆ, “ಇನ್ನೊಂದು ಬೆಳಿ ಹೋಗ್ಲಿ, ಆಮ್ಯಾಲ ಹೇಳ್ತೀನಿ” ಅನ್ನುತ್ತಾನೆ. ಕಾಲುವೆಗೆ ನೀರು ಬಂದರೆ ಬೆಳೆ, ಬೆಳೆ ಇದ್ದರೆ ಡ್ರೋನ್.

ನೀವೂ ಹೋಗುವುದಾದರೆ

ಸಿಂಧನೂರಿಗೆ 2024ರಿಂದ ರೈಲು ಬರುತ್ತಿದೆ, ಹುಬ್ಬಳ್ಳಿ ಕಡೆಯಿಂದ ಸುಲಭ. ಬೆಂಗಳೂರಿನಿಂದ ರಾತ್ರಿ ಬಸ್ಸುಗಳಿವೆ. 2019ರ ನವೆಂಬರ್‌ನಲ್ಲಿ ಕಲಬುರಗಿಯಲ್ಲಿ ವಿಮಾನ ನಿಲ್ದಾಣವೂ ಶುರುವಾಗಿತ್ತು; ಕಲಬುರಗಿಯಿಂದ ಜೇವರ್ಗಿ, ಸುರಪುರ ಮೇಲೆ ಲಿಂಗಸುಗೂರಿಗೆ ಬಸ್ಸು. ಸಿಂಧನೂರು, ಮಸ್ಕಿ, ಲಿಂಗಸುಗೂರು ನಡುವೆ ದಿನವಿಡೀ ಸರ್ಕಾರಿ ಬಸ್ಸುಗಳು ಓಡುತ್ತವೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ಮಸ್ಕಿ ಬೆಟ್ಟವನ್ನು ಒಂಬತ್ತರೊಳಗೆ ಹತ್ತಿ ಇಳಿದುಬಿಡಿ, ನೀರು ಜೊತೆಗಿರಲಿ. ಶಾಸನದ ಬಂಡೆಯನ್ನು ಮುಟ್ಟಬೇಡಿ, ಅದರ ಮೇಲೆ ನಿಮ್ಮ ಹೆಸರಂತೂ ಬರೆಯಲೇಬೇಡಿ.

ಫೋನಿನಲ್ಲಿ ಬ್ಯಾರೋಮೀಟರ್ ಇದ್ದರೆ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ, ಲಿಂಗಸುಗೂರಿನಲ್ಲಿ ಇಳಿದು ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ವಾಪಸ್ ಹೋಗುವಾಗ ವಿಮಾನ ಹತ್ತಿದರೆ ಅಲ್ಲೂ ಆ್ಯಪ್ ತೆರೆಯಿರಿ. 35,000 ಅಡಿಯಲ್ಲಿ ಹೊರಗಿನ ಒತ್ತಡ ಸುಮಾರು 240 ಇದ್ದರೂ ನಿಮ್ಮ ಫೋನು 800ರ ಆಸುಪಾಸು ತೋರಿಸುತ್ತದೆ. ಕ್ಯಾಬಿನ್ ಒಳಗೆ ನಿಮಗಾಗಿ ಗಾಳಿ ತುಂಬಿಟ್ಟಿರುತ್ತಾರೆ. ಹೊರಗಿನ ತೆಳು ಗಾಳಿ ರೆಕ್ಕೆಗೆ ಸಾಕು, ನಮ್ಮ ಉಸಿರಿಗೆ ಸಾಲದು.